ನೆಟ್ಟದ್ದೆಷ್ಟು, ಉಳಿದದ್ದೆಷ್ಟು?

ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸೋಲೂರು ಸಿಗುತ್ತದೆ. ಅಲ್ಲಿ ಲಾರಿಗಳ ಗದ್ದಲವನ್ನು ಬಿಟ್ಟು ಒಳರಸ್ತೆ ಹಿಡಿದರೆ ರಾಗಿಹೊಲ, ತೆಂಗಿನ ತೋಟ, ನಡುನಡುವೆ ಆನೆ ಮಲಗಿದಂತೆ ಕಾಣುವ ಬಂಡೆಗಳು. ಹೀಗೇ ಸಾಗಿದರೆ ಮಾಗಡಿ ತಾಲ್ಲೂಕಿನ ಕುದೂರು. ಊರಿನ ನೆತ್ತಿಗೆ ಭೈರವನದುರ್ಗದ ಬೆಟ್ಟ. ಈ ಕುದೂರಿನಿಂದ ಹುಲಿಕಲ್ ಎಂಬ ಪುಟ್ಟ ಊರಿಗೆ ಹೋಗುವ ನಾಲ್ಕು ಕಿಲೋಮೀಟರ್ ಹಾದಿಯನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

2025ರ ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ಆ ಆಸೆ ಕೈಗೂಡಿತು. ಪರೀಕ್ಷೆಗಳು ಮುಗಿದಿದ್ದವು. ಒಂಬತ್ತನೆಯ ತರಗತಿಯ ಹದಿನಾಲ್ಕು ಮಕ್ಕಳು, ಇಬ್ಬರು ಪೋಷಕರು, ನಾನು. ಜೊತೆಗೆ ಡ್ರೋನ್ ಹಾರಿಸುವ ತರಬೇತಿ ಪಡೆದ ನನ್ನ ಹಳೆಯ ಶಿಷ್ಯನೊಬ್ಬ. ಒಂದು ಟೆಂಪೋದಲ್ಲಿ ಪುಳಿಯೋಗರೆ, ಮಜ್ಜಿಗೆಯ ಕ್ಯಾನು, ಸುಣ್ಣದ ಪುಡಿಯ ಒಂದು ಚೀಲ. ಸುಣ್ಣ ಏಕೆಂದು ಮುಂದೆ ಹೇಳುತ್ತೇನೆ.

ಬೆಳಗಿನ ಏಳೂವರೆಗೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಆದರೆ ಹುಲಿಕಲ್ ಹಾದಿಗೆ ಕಾಲಿಟ್ಟೊಡನೆ ಮಕ್ಕಳು ತಾವಾಗಿಯೇ ದನಿ ತಗ್ಗಿಸಿದರು. ರಸ್ತೆಯ ಎರಡೂ ಬದಿಯಲ್ಲಿ ಆಲದ ಮರಗಳು. ಕೊಂಬೆಗಳು ಮೇಲೆ ಒಂದಕ್ಕೊಂದು ಕೈ ಹಿಡಿದಿದ್ದವು. ನೆಲದ ಮೇಲೆ ಹಣ್ಣು ಉದುರಿತ್ತು, ಮೇಲೆ ಹಕ್ಕಿಗಳ ಗಲಾಟೆ. ಒಬ್ಬ ಹುಡುಗ ತನ್ನ ತೋಳುಗಳನ್ನು ಚಾಚಿ ಒಂದು ಬೊಡ್ಡೆಯನ್ನು ಅಳೆಯಲು ನೋಡಿದ. ನಾಲ್ವರು ಕೈ ಜೋಡಿಸಬೇಕಾಯಿತು.

ಇದು ಸಾಲುಮರದ ತಿಮ್ಮಕ್ಕನವರ ಹಾದಿ. ಶಾಲೆಯ ಮೆಟ್ಟಿಲು ಹತ್ತದ, ಕೂಲಿ ಮಾಡಿ ಬದುಕಿದ ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯ ತಮಗೆ ಮಕ್ಕಳಿಲ್ಲದ ಕೊರಗನ್ನು ಮರ ಬೆಳೆಸಿ ನೀಗಿಕೊಂಡ ಕಥೆಯನ್ನು ನಮ್ಮ ಮಕ್ಕಳೆಲ್ಲ ಕೇಳಿದ್ದಾರೆ. ಈ ಸಾಲಿನಲ್ಲಿ 385 ಆಲದ ಮರಗಳೆಂದು ಪ್ರಸಿದ್ಧಿ. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ನಾವು ಹೋದಾಗ ಅವರು ಇನ್ನೂ ನಮ್ಮೊಡನಿದ್ದರು. ಅದೇ ವರ್ಷದ ನವೆಂಬರ್ 14ರಂದು, 114ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಹತ್ತು, ಹದಿನೈದು, ಇಪ್ಪತ್ತು

ಒಂದು ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ನಾನು ಕಪ್ಪುಹಲಗೆಯಿಲ್ಲದ ಪಾಠ ಶುರು ಮಾಡಿದೆ. ‘ಈ ದಂಪತಿ ಮೊದಲ ವರ್ಷ ಎಷ್ಟು ಸಸಿ ನೆಟ್ಟರು ಗೊತ್ತೆ?’ ಎಂದು ಕೇಳಿದೆ. ನೂರು ಎಂದರು ಕೆಲವರು, ಐವತ್ತು ಎಂದರು ಕೆಲವರು. ಅವರು ಮೊದಲ ವರ್ಷ ನೆಟ್ಟದ್ದು ಹತ್ತು. ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಮಳೆಗಾಲ ನೋಡಿ ನೆಡುತ್ತಿದ್ದರು. ಮಳೆ ನಿಂತ ಮೇಲೆ ಕಿಲೋಮೀಟರುಗಟ್ಟಲೆ ನೀರು ಹೊತ್ತು ತಂದು ಹೊಯ್ಯುತ್ತಿದ್ದರು. ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟುತ್ತಿದ್ದರು.

ಹತ್ತು, ಹದಿನೈದು, ಇಪ್ಪತ್ತು. ಇದು ಸಮಾನಾಂತರ ಶ್ರೇಢಿ ಎಂದು ಗಣಿತದ ಹುಡುಗನೊಬ್ಬ ಕೂಗಿದ. ಸರಿಯೇ. ಆದರೆ ನನಗೆ ಅದರಲ್ಲಿ ಇನ್ನೊಂದು ಲೆಕ್ಕ ಕಾಣುತ್ತದೆ. ಎರಡು ಜೊತೆ ಕೈಗಳು ಎಷ್ಟು ಕೊಡ ನೀರು ಹೊರಬಲ್ಲವು ಎಂಬುದರ ಮೇಲೆ ಸಸಿಗಳ ಸಂಖ್ಯೆ ನಿರ್ಧಾರವಾಗುತ್ತಿತ್ತು. ನೆಟ್ಟ ಸಸಿಯ ಬಳಿ ನಾಳೆ ಹೋಗಬೇಕು, ನಾಡಿದ್ದೂ ಹೋಗಬೇಕು. ಒಂದು ಸಸಿ ಬಾಡಿದರೆ ಅದು ಅವರಿಗೆ ಸಂಜೆಯೊಳಗೆ ತಿಳಿಯುತ್ತಿತ್ತು. ಎಣಿಕೆ ಬೇರೆ, ಆರೈಕೆ ಬೇರೆ ಎಂಬ ಭೇದವೇ ಅಲ್ಲಿರಲಿಲ್ಲ.

ಈ ಮಾತು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಅಳುಕಿತ್ತು. ಕಾರಣವನ್ನು ಓದುಗರಿಂದ ಮುಚ್ಚಿಡುವುದಿಲ್ಲ.

ನಮ್ಮ ಶಾಲೆಯಲ್ಲಿ ಪರಿಸರ ಸಂಘದ ಹೊಣೆ ನನ್ನದು. 1950ರಲ್ಲಿ ದೇಶದಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಜುಲೈ ಬಂತೆಂದರೆ ಸಸಿ ನೆಡುವುದು ನಮ್ಮೆಲ್ಲ ಶಾಲೆಗಳ ಸಂಪ್ರದಾಯ. ನಾವೂ ಎಂಟು ವರ್ಷ ಬಿಡದೆ ವರ್ಷಕ್ಕೆ ಐವತ್ತರಂತೆ ನೆಟ್ಟೆವು. ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿ ದಾಖಲಾಗಿರುವ ಸಸಿಗಳು ನಾನೂರು. 2024ರ ಜುಲೈಯಲ್ಲಿ, ಗುಂಡಿ ಕೆದಕುತ್ತಿದ್ದ ಒಬ್ಬ ಹುಡುಗಿ ಕೈಯಲ್ಲಿ ಹಳೆಯ ಪಾಲಿಥಿನ್ ಚೀಲದ ಚೂರು ಹಿಡಿದು, ‘ಸಾರ್, ಇದೇ ಗುಂಡೀಲಿ ಹೋದ ವರ್ಷಾನೂ ನೆಟ್ಟಿದ್ವಲ್ಲ, ಅದೇನಾಯ್ತು?’ ಎಂದಳು. ಮುಖ್ಯ ಅತಿಥಿಗಳು ಬರುವ ಹೊತ್ತಾಗಿತ್ತು. ‘ಆಮೇಲೆ ಹೇಳ್ತೀನಮ್ಮ’ ಎಂದು ಜಾರಿಕೊಂಡೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಪ್ರಾರ್ಥನೆಗೆ ಮುಂಚೆ ಒಬ್ಬನೇ ಹೋಗಿ ಎಣಿಸಿದೆ. ರಿಜಿಸ್ಟರಿನಲ್ಲಿ ನಾನೂರು, ಅಂಗಳದಲ್ಲಿ ಇಪ್ಪತ್ತಮೂರು. ವಿಜ್ಞಾನದ ಮೇಷ್ಟ್ರು ಎಂಟು ವರ್ಷ ಪ್ರಯೋಗ ಮಾಡಿ ಫಲಿತಾಂಶವನ್ನೇ ನೋಡಿರಲಿಲ್ಲ!

ಗೋಮಾಳದ ಮೇಲೆ ಒಂದು ಗಿಡುಗ

ಹುಲಿಕಲ್ ಹಾದಿಯಿಂದ ನಾವು ಹೊರಟದ್ದು ಅದೇ ಸೀಮೆಯ ಒಂದು ಗೋಮಾಳಕ್ಕೆ. ಊರಿನ ಹೆಸರು ಬೇಡ. ಅಲ್ಲಿ ಸಸಿ ನೆಟ್ಟವರು ಒಳ್ಳೆಯ ಮನಸ್ಸಿನಿಂದಲೇ ನೆಟ್ಟಿದ್ದಾರೆ. 2024ರ ಮಳೆಗಾಲದಲ್ಲಿ ಸುಮಾರು ಐದು ಎಕರೆಯ ಇಳಿಜಾರಿನಲ್ಲಿ ಹೊಂಗೆ, ಬೇವು, ನೇರಳೆ, ಹಿಪ್ಪೆ, ಅತ್ತಿ ನೆಟ್ಟಿದ್ದರು. ಮೂರು ಮೀಟರಿಗೊಂದು ಗುಂಡಿ. ಮಾವಿಗೆ ಬೇಕಾದ ಬೇಸಿಗೆಯ ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ಹುಲ್ಲೆಲ್ಲ ಒಣಗಿ ಹುರಿಗಡಲೆಯ ಬಣ್ಣಕ್ಕೆ ತಿರುಗಿತ್ತು. ನಮಗೆ ಬೇಕಾದದ್ದೂ ಅದೇ. ಆಗಸ್ಟಿನಲ್ಲಿ ಹೋಗಿದ್ದರೆ ಹುಲ್ಲೂ ಹಸಿರು, ಕಾಂಗ್ರೆಸ್ ಗಿಡವೂ ಹಸಿರು, ಸಸಿಯೂ ಹಸಿರು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಆಕಾಶದಿಂದ ಹೇಳುವುದು ಕಷ್ಟ.

ಆಕಾಶದಿಂದಲೇ ನೋಡುವುದಾದರೆ ಉಪಗ್ರಹಗಳಿಲ್ಲವೇ ಎಂದು ಪೋಷಕರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮ ದೇಶದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹ 1988ರ ಮಾರ್ಚ್ 17ರಂದೇ ಮೇಲೇರಿತು. ಕಾಡು, ಕೆರೆ, ಬೆಳೆಗಳನ್ನು ಉಪಗ್ರಹಗಳು ಚೆನ್ನಾಗಿ ನೋಡುತ್ತವೆ. ಆದರೆ ಎಳೆಯ ಸಸಿ? ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ನೂರು ಚದರ ಮೀಟರ್. ಒಂದು ವರ್ಷದ ಸಸಿಯ ಎಲೆಗಳ ಹರಹು ಮೂವತ್ತು ಸೆಂಟಿಮೀಟರ್ ಎನ್ನಿ. ಅದರ ವಿಸ್ತೀರ್ಣ ಒಂದು ಚದರ ಮೀಟರಿನ ನೂರನೆಯ ಏಳು ಭಾಗ. ಆ ಚುಕ್ಕೆಯಲ್ಲಿ ಸಸಿಯ ಪಾಲು ಸಾವಿರದ ನಾನೂರರಲ್ಲಿ ಒಂದು. ರಾಗಿಯ ಚೀಲದಲ್ಲಿ ಒಂದು ಹಿಡಿ ಸಾಸಿವೆ ಬೆರೆಸಿ ದೂರದಿಂದ ಹುಡುಕಿದಂತೆ!

ಡ್ರೋನ್ ಅರವತ್ತು ಮೀಟರ್ ಎತ್ತರದಲ್ಲಿ ಹಾರಿದರೆ ಸಾಮಾನ್ಯ ಕ್ಯಾಮೆರಾದಲ್ಲೂ ಒಂದು ಚುಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟಾಗುತ್ತದೆ. ಅದೇ ಸಸಿಯ ಮೇಲೆ ಈಗ 175 ಚುಕ್ಕೆಗಳು ಬೀಳುತ್ತವೆ. ಅಷ್ಟು ಚುಕ್ಕೆಗಳಲ್ಲಿ ಎಲೆಯ ಗುಂಪು ಗುಂಪಾಗಿಯೇ ಕಾಣುತ್ತದೆ. ಇನ್ನೂ ಕೆಳಗೆ ಹಾರಿದರೆ ಇನ್ನೂ ಸ್ಪಷ್ಟ. ಆದರೆ ಒಂದು ಚಿತ್ರದಲ್ಲಿ ಹಿಡಿಯುವ ನೆಲ ಕಡಿಮೆಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ.

ಈಗ ಸುಣ್ಣದ ವಿಷಯ. ನಮ್ಮ ಕೈಯ ಮೊಬೈಲಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸಬಹುದು. ಗುಂಡಿಗಳಿರುವುದು ಮೂರು ಮೀಟರಿಗೊಂದು. ಹಾಗಾಗಿ ಹದಿನಾಲ್ಕನೆಯ ಗುಂಡಿಯೆಂದು ನಾವು ಹದಿನೈದನೆಯದರ ಲೆಕ್ಕ ಬರೆದುಬಿಡುವ ಅಪಾಯವಿದೆ. ಅದಕ್ಕಾಗಿ ಮಕ್ಕಳು ಸಾಲು ಸಾಲಾಗಿ ಎಣಿಸಿ, ಹತ್ತು ಗುಂಡಿಗಳ ಹನ್ನೆರಡು ಸಾಲುಗಳನ್ನು ಆಯ್ದು, ನಾಲ್ಕು ಮೂಲೆಗೂ ಸುಣ್ಣದಿಂದ ದೊಡ್ಡ ಕೂಡು ಗುರುತು ಹಾಕಿದರು. ಒಟ್ಟು 120 ಗುಂಡಿ, ಸುಮಾರು ಹನ್ನೊಂದು ಗುಂಟೆ ನೆಲ. ಇಡೀ ಐದು ಎಕರೆಯ ಚಿತ್ರ ತೆಗೆಯುವುದು, ಈ ಹನ್ನೊಂದು ಗುಂಟೆಯನ್ನು ಮಾತ್ರ ಕಾಲಿನಿಂದಲೂ ಎಣಿಸಿ ತಾಳೆ ನೋಡುವುದು ಎಂದು ನಿರ್ಧರಿಸಿದೆವು.

ಡ್ರೋನ್ ಜೇನುಹುಳುಗಳಂತೆ ಗುಂಯ್‌ಗುಡುತ್ತ ಮೇಲೆದ್ದಿತು. ನೇಗಿಲು ಹೊಡೆಯುವ ಎತ್ತಿನಂತೆ ಆಚೆಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಈಚೆಗೆ ಬಂತು. ಪ್ರತಿ ಚಿತ್ರವೂ ಹಿಂದಿನ ಚಿತ್ರದ ಮುಕ್ಕಾಲು ಪಾಲನ್ನು ಮತ್ತೆ ಹಿಡಿಯುವಂತೆ ಹೊಂದಿಸಲಾಗಿತ್ತು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿ ಆಳವನ್ನು ಅಳೆಯುತ್ತವಲ್ಲ, ಹಾಗೆಯೇ ಗಣಕಯಂತ್ರ ಈ ಚಿತ್ರಗಳನ್ನು ಹೆಣೆದು ನೆಲದ ಏರುತಗ್ಗನ್ನೂ ಲೆಕ್ಕ ಹಾಕುತ್ತದೆ. ಹತ್ತು ನಿಮಿಷದೊಳಗೆ ಕೆಲಸ ಮುಗಿಯಿತು.

ಅಷ್ಟರಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೋಲೂರಿಕೊಂಡು ಬಂದು ಮೇಲೆ ನೋಡುತ್ತ ನಿಂತರು. ‘ಏನ್ ಮೇಷ್ಟ್ರೇ, ಗಿಡುಗನ್ ತರ ಸುತ್ತತಾ ಅದೆ. ನನ್ ಮರಿ ಎತ್ಕೊಂಡ್ ಹೋಗಾಕಿಲ್ಲ ತಾನೆ?’ ಎಂದರು. ಮಕ್ಕಳು ನಕ್ಕರು. ನಾನು ಮಜ್ಜಿಗೆ ಕೊಟ್ಟು ಕೂರಿಸಿದೆ. ಆ ಲೋಟ ಮಜ್ಜಿಗೆಗೆ ಪ್ರತಿಯಾಗಿ ಅವರು ಕೊಟ್ಟ ಪಾಠವನ್ನು ಮುಂದೆ ಹೇಳುತ್ತೇನೆ.

ಎಲೆ ಹೇಳುವ ಗುಟ್ಟು

ಮರದ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಚಿತ್ರ ನೋಡಿದೆವು. ಒಣಹುಲ್ಲಿನ ಕಂದು ಬಣ್ಣದ ಮೇಲೆ ಹಸಿರು ಚುಕ್ಕೆಗಳು, ಕಸೂತಿ ಹಾಕಿದಂತೆ.

ಬಣ್ಣವನ್ನು ಕಣ್ಣಿನಿಂದ ನೋಡುವುದಕ್ಕಿಂತ ಇನ್ನೂ ಸೂಕ್ಷ್ಮವಾದ ದಾರಿಯೊಂದಿದೆ. ಎಲೆಯ ಪತ್ರಹರಿತ್ತು ಆಹಾರ ತಯಾರಿಸಲು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಆದರೆ ಕೆಂಪಿನಾಚೆಗಿರುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣ ಎಲೆಗೆ ಬೇಡ. ಎಲೆಯೊಳಗಿನ ಜೀವಕೋಶಗಳ ಗೂಡುಗಳು ಅದರ ದೊಡ್ಡ ಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಆರೋಗ್ಯವಂತ ಎಲೆ ಅವಕೆಂಪಿನಲ್ಲಿ 50 ಪಾಲು, ಕೆಂಪಿನಲ್ಲಿ 8 ಪಾಲು ಹಿಂದಿರುಗಿಸಿತೆನ್ನಿ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ 42ನ್ನು 58ರಿಂದ ಭಾಗಿಸಿದಂತೆ, ಸುಮಾರು 0.72. ಒಣಗಿದ ಎಲೆ 30 ಮತ್ತು 20 ಹಿಂದಿರುಗಿಸಿದರೆ 10ನ್ನು 50ರಿಂದ ಭಾಗಿಸಿ 0.2. ಇದನ್ನು ಎನ್‌ಡಿವಿಐ ಎನ್ನುತ್ತಾರೆ. ಹಸಿರಿನ ಅಂಕಪಟ್ಟಿ ಎನ್ನೋಣ. ಇದಕ್ಕೆ ಅವಕೆಂಪನ್ನು ನೋಡಬಲ್ಲ ವಿಶೇಷ ಕ್ಯಾಮೆರಾ ಬೇಕು. ನಮ್ಮ ಡ್ರೋನಿನಲ್ಲಿದ್ದುದು ಸಾಧಾರಣ ಕ್ಯಾಮೆರಾ. ಆದ್ದರಿಂದ ನಾವು ಕಣ್ಣನ್ನೇ ನಂಬಿದೆವು.

ಮಕ್ಕಳು ಎರಡು ಗುಂಪಾದರು. ಒಂದು ಗುಂಪು ಚಿತ್ರದಲ್ಲಿ ಎಣಿಸಿತು: 120ರಲ್ಲಿ 71 ಹಸಿರು, 49 ಇಲ್ಲ. ಇನ್ನೊಂದು ಗುಂಪು ಬಿಸಿಲಲ್ಲಿ ಗುಂಡಿಯಿಂದ ಗುಂಡಿಗೆ ನಡೆಯಿತು. ಎಲೆಯಿಲ್ಲದ ಕಡ್ಡಿ ಸಿಕ್ಕಲ್ಲಿ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆಯಬೇಕೆಂದು ಹೇಳಿಕೊಟ್ಟಿದ್ದೆ. ಒಳಗೆ ಹಸಿರು ಪೊರೆ ಕಂಡರೆ ಜೀವವಿದೆ. ಕಂದಾಗಿದ್ದರೆ ಇನ್ನಷ್ಟು ಕೆಳಗೆ, ಬುಡದ ಬಳಿ ಕೆರೆದು ನೋಡಬೇಕು. ಅಲ್ಲೂ ಒಣಗಿದ್ದರೆ ಆಸೆ ಬಿಡಬೇಕು.

ಒಂದೂವರೆ ಗಂಟೆಯ ನಂತರ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆವು. ಮೇಲಿನಿಂದ ಹಸಿರಾಗಿ ಕಂಡ 71ರಲ್ಲಿ ಒಂಬತ್ತು ಸಸಿಗಳೇ ಅಲ್ಲ! ಸತ್ತ ಸಸಿಯ ಗುಂಡಿಯಲ್ಲಿ ತಂಗಡಿ, ಲಂಟಾನಗಳು ಬೇರೂರಿ ಸುಖವಾಗಿದ್ದವು. ಸತ್ತವೆಂದು ಬರೆದಿದ್ದ 49ರಲ್ಲಿ ಹದಿನಾಲ್ಕಕ್ಕೆ ತೊಗಟೆಯ ಕೆಳಗೆ ಜೀವವಿತ್ತು. ಬಿಸಿಲಿಗೆ ಎಲೆ ಉದುರಿಸಿ, ಇರುವ ನೀರನ್ನು ಕಾಪಾಡಿಕೊಂಡು, ಮಳೆಗೆ ಕಾದು ಕುಳಿತಿದ್ದವು. ಹಾಗಾಗಿ ನಿಜವಾಗಿ ಬದುಕಿದ್ದವು 62ಕ್ಕೆ 14 ಸೇರಿಸಿ 76. ಶೇಕಡ 63.

‘ಸಾರ್, ಡ್ರೋನ್ 71 ಅಂತು, ನಾವು 76 ಅಂದ್ವಿ. ಐದೇ ವ್ಯತ್ಯಾಸ. ಡ್ರೋನ್ ಪಾಸ್!’ ಎಂದ ಒಬ್ಬ. ಆಗ ಅದೇ ಹುಡುಗಿ, ಗುಂಡಿಯಿಂದ ಪಾಲಿಥಿನ್ ತೆಗೆದವಳು, ಸ್ವಲ್ಪ ಯೋಚಿಸಿ, ‘ಇಲ್ಲ ಕಣೋ, ಒಂಬತ್ತು ಒಂದು ಕಡೆ ತಪ್ಪು, ಹದಿನಾಲ್ಕು ಇನ್ನೊಂದು ಕಡೆ ತಪ್ಪು. ಒಟ್ಟು ಇಪ್ಪತ್ತಮೂರು ಗುಂಡಿ ತಪ್ಪು. ಒಂದನ್ನೊಂದು ಹೊಡೆದುಹಾಕಿ ಐದು ಉಳೀತು ಅಷ್ಟೆ’ ಎಂದಳು. ಇಡೀ ವರ್ಷದ ನನ್ನ ಪಾಠಕ್ಕೆ ಸಿಕ್ಕ ಸಂಬಳ ಅದು. ಮೊತ್ತ ಸರಿಬಂದ ಮಾತ್ರಕ್ಕೆ ಲೆಕ್ಕ ಸರಿಯಲ್ಲ. ಯಾವ ಗುಂಡಿಗೆ ಮತ್ತೆ ಸಸಿ ಬೇಕು, ಯಾವುದಕ್ಕೆ ಬರೀ ನೀರು ಸಾಕು ಎಂದು ತಿಳಿಯಬೇಕಾದರೆ ಪ್ರತಿ ಗುಂಡಿಯೂ ಸರಿಯಿರಬೇಕು. ಜೀವವಿರುವ ಹದಿನಾಲ್ಕನ್ನು ಕಿತ್ತು ಹೊಸದನ್ನು ನೆಟ್ಟಿದ್ದರೆ ನಾವೇ ಅವನ್ನು ಕೊಂದಂತಾಗುತ್ತಿತ್ತು.

ಇದರ ಅರ್ಥ ಡ್ರೋನ್ ಬೇಡವೆಂದಲ್ಲ. ಐದು ಎಕರೆಯನ್ನೆಲ್ಲ ಹಾಗೆ ಉಗುರಿನಿಂದ ಕೆರೆಯುತ್ತ ಹೋಗಲು ಹದಿನಾಲ್ಕು ಮಕ್ಕಳಿಗೆ ಒಂದು ದಿನ ಸಾಲದು. ನೂರಾರು ಎಕರೆಯ ನೆಡುತೋಪನ್ನು ಹಾಗೆ ಎಣಿಸುವವರು ಯಾರು? ಡ್ರೋನಿನಿಂದ ಎಲ್ಲವನ್ನೂ ನೋಡಬೇಕು, ಕಾಲಿನಿಂದ ಕೆಲವನ್ನು ಮುಟ್ಟಿ ನೋಡಬೇಕು. ಮುಟ್ಟಿ ನೋಡಿದ ಕೆಲವು, ನೋಡಿದ ಎಲ್ಲದರ ತಪ್ಪನ್ನು ತಿದ್ದುತ್ತವೆ. ಬೇಸಿಗೆಯಲ್ಲೊಮ್ಮೆ, ಮಳೆ ಹಿಡಿದು ಚಿಗುರಿದ ಮೇಲೊಮ್ಮೆ ಹಾರಿಸಿದರೆ ಎಲೆ ಉದುರಿದ ಗಿಡಗಳ ಗೊಂದಲವೂ ಬಹುಮಟ್ಟಿಗೆ ನೀಗುತ್ತದೆ.

ಏಕೆ ಸತ್ತವು?

ಚಿತ್ರದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಹೊಡೆಯುತ್ತಿತ್ತು. ನೆಲದ ಮೇಲೆ ನಿಂತಾಗ ಅದು ನಮಗೆ ಕಂಡಿರಲಿಲ್ಲ. ಇಳಿಜಾರಿನ ಕೆಳಭಾಗದಲ್ಲಿ ಹಸಿರು ಒಂದು ಗೆರೆಯಾಗಿ ಬಾಗಿ ಹೋಗಿತ್ತು. ಮೇಲ್ಭಾಗದ ಒಂದು ಮೂಲೆ ಪೂರ್ತಿ ಬೋಳು. ಏಕೆ?

ಮಜ್ಜಿಗೆ ಕುಡಿದು ಕುಳಿತಿದ್ದ ಯಜಮಾನರು ಪರದೆಯತ್ತ ಬಗ್ಗಿ ನೋಡಿ, ‘ಇದು ಹಳೇ ಬದ ಅಲ್ವಾ? ನಮ್ಮಪ್ಪನ್ ಕಾಲದ್ದು. ಮಳೆ ನೀರು ಅಲ್ಲಿ ನಿಂತ್ಕೊಂಡೇ ಮುಂದಕ್ಕೆ ಹೋಗೋದು’ ಎಂದರು. ಬೋಳು ಮೂಲೆಯ ಮೇಲೆ ಬೆರಳಿಟ್ಟು, ‘ಇಲ್ಲಿ ಗೇಣುದ್ದ ಮಣ್ಣು, ಕೆಳಗೆಲ್ಲ ಬಂಡೆ. ಅಲ್ಲಿ ಹುಲ್ಲೇ ನಿಲ್ಲಾಕಿಲ್ಲ, ಗಿಡ ಎಲ್ಲಿ ನಿಂತಾತು? ನನ್ನ ಕೇಳಿದ್ರೆ ಹೇಳ್ತಿದ್ದೆ’ ಎಂದರು. ಸ್ವಲ್ಪ ತಡೆದು, ತಾವಾಗಿಯೇ, ‘ಆ ನಡುವಿನ ನಾಕು ಸಾಲು ಮಾತ್ರ ನಮ್ ಕುರೀದೇ ಕೆಲ್ಸ. ಸುಳ್ಯಾಕೆ ಹೇಳ್ಲಿ? ಮೇಯಿಸೋಕೆ ಇದ್ದ ಜಾಗ ಇದೊಂದೇ. ಬ್ಯಾರೆ ಜಾಗ ತೋರ್ಸಿ, ನಾನೇ ಕಾಯ್ತೀನಿ’ ಎಂದರು.

ಡ್ರೋನಿನ ಕಣ್ಣಿಗೆ ಸಾವು ಕಾಣುತ್ತದೆ, ಸಾವಿನ ಕಾರಣ ಕಾಣುವುದಿಲ್ಲ. ಗೋಮಾಳ ಎಂದರೆ ದನಕುರಿಗಳ ಜಾಗ. ಅಲ್ಲಿ ಸಸಿ ನೆಡುವಾಗ ಕುರಿ ಮೇಯಿಸುವವರ ಜೊತೆ ಮಾತಾಡದಿದ್ದರೆ ಆ ಸಸಿಗಳು ಯಾರ ಮೇವಾಗುತ್ತವೆ ಎಂದು ಹೇಳಲು ಯಂತ್ರ ಬೇಕಿಲ್ಲ.

ಬೋಳು ಮೂಲೆಯ ಪಕ್ಕದಲ್ಲಿ, ಮಣ್ಣು ಆಳವಾಗಿದ್ದ ಕಡೆಯೂ ಕೆಲವು ಸಸಿಗಳು ಸತ್ತಿದ್ದವು. ಎರಡನ್ನು ಅಗೆದು ನೋಡಿದೆವು. ನರ್ಸರಿಯ ಪಾಲಿಥಿನ್ ಚೀಲವನ್ನು ಬಿಡಿಸದೆ ಹಾಗೆಯೇ ಹೂತಿದ್ದರು. ಬೇರು ಚೀಲದ ತಳ ಮುಟ್ಟಿ, ದಾರಿ ಕಾಣದೆ, ಹಾವಿನಂತೆ ಸುರುಳಿ ಸುತ್ತಿಕೊಂಡಿತ್ತು. ಮಳೆಗಾಲದಲ್ಲಿ ಅಂಥ ಸಸಿ ಚೆನ್ನಾಗಿಯೇ ಕಾಣುತ್ತದೆ. ಮೇಲ್ಮಣ್ಣು ಒಣಗಿದಾಗ ಆಳದ ನೀರಿಗೆ ಬೇರು ಇಳಿದಿರುವುದಿಲ್ಲ, ಸಾಯುತ್ತದೆ. ಮಕ್ಕಳು ನನ್ನ ಮುಖ ನೋಡಿದರು. ನಮ್ಮ ಶಾಲೆಯ ಗುಂಡಿಯಲ್ಲಿ ಸಿಕ್ಕಿದ್ದೂ ಅಂಥದೇ ಚೂರು. ನಾನು ತಲೆ ತಗ್ಗಿಸಿದೆ.

ಉಳಿದದ್ದಕ್ಕೆ ಬೆಲೆ

ನೆಟ್ಟದ್ದನ್ನು ಎಣಿಸುವುದು ಸುಲಭ, ಉಳಿದದ್ದನ್ನು ಎಣಿಸುವುದು ಕಷ್ಟ. ಇದು ನಮ್ಮೊಬ್ಬರ ಸಮಸ್ಯೆಯಲ್ಲ. ತುರ್ಕಿ ದೇಶದಲ್ಲಿ 2019ರ ನವೆಂಬರ್ 11ರಂದು ಒಂದೇ ದಿನ ಒಂದು ಕೋಟಿ ಹತ್ತು ಲಕ್ಷ ಸಸಿ ನೆಡುವ ಉತ್ಸವ ನಡೆಯಿತು. ಕೆಲವೇ ತಿಂಗಳಲ್ಲಿ, ತಾವು ನೋಡಿದ ಜಾಗಗಳಲ್ಲಿ ನೂರಕ್ಕೆ ತೊಂಬತ್ತರವರೆಗೆ ಸಸಿಗಳು ಸತ್ತಿವೆ ಎಂದು ಅಲ್ಲಿನ ಕೃಷಿ ಮತ್ತು ಅರಣ್ಯ ನೌಕರರ ಸಂಘವೊಂದು ಹೇಳಿತು. ಸರ್ಕಾರ ಅದನ್ನು ಅಲ್ಲಗಳೆದು ಬಹುಪಾಲು ಸಸಿಗಳು ಚೆನ್ನಾಗಿವೆ ಎಂದಿತು. ಎರಡೂ ಕಡೆಯವರು ಒಪ್ಪುವ ಅಳತೆಯೊಂದು ಮುಂದಿದ್ದರೆ ಇಂಥ ವಾದ ಅಷ್ಟು ದೂರ ಹೋಗುವುದಿಲ್ಲ. ದಿನಾಂಕ ಮತ್ತು ಸ್ಥಳ ನಮೂದಾದ ಡ್ರೋನ್ ಚಿತ್ರ ಅಂಥ ಅಳತೆಗೆ ಒಳ್ಳೆಯ ಆಧಾರವಾಗಬಲ್ಲದು. ನಾಳೆ ಬೇರೊಬ್ಬರು ಅದೇ ಚಿತ್ರವನ್ನು ಮತ್ತೆ ಎಣಿಸಿ ನೋಡಬಹುದು.

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅರಣ್ಯ ಇಲಾಖೆ 2011–12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಪ್ರೋತ್ಸಾಹಧನ ಸಿಗುವುದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ. ಪರಿಷ್ಕೃತ ದರದ ಪ್ರಕಾರ ಮೊದಲ ವರ್ಷದ ಕೊನೆಗೆ ಬದುಕಿರುವ ಪ್ರತಿ ಸಸಿಗೆ 35 ರೂಪಾಯಿ, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50. ಒಟ್ಟು 125 ರೂಪಾಯಿ. ವರ್ಷ ಕಳೆದಂತೆ ಮೊತ್ತ ಏರುವುದನ್ನು ಗಮನಿಸಿ. ಈ ಲೆಕ್ಕದಲ್ಲಿ ತಿಮ್ಮಕ್ಕನವರ ಬುದ್ಧಿ ಇದೆ ಎಂದು ನನಗನಿಸುತ್ತದೆ.

ಡ್ರೋನ್ ಕೊಡಿಸಿ ಎಂದು ಮಕ್ಕಳು ಮನೆಯಲ್ಲಿ ಪೀಡಿಸಿದರೆ ಪೋಷಕರಿಗೆ ಒಂದು ಮಾತು. ಇದು ಗಾಳಿಪಟದಂಥ ಆಟಿಕೆಯಲ್ಲ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳೆಂದು ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ, ಎಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನೋಂದಣಿ, ತರಬೇತಿಯ ನಿಯಮಗಳೂ ಇವೆ. ಅರಣ್ಯದೊಳಗೆ ಅರಣ್ಯ ಇಲಾಖೆಯನ್ನು ಕೇಳದೆ ಹಾರಿಸಬಾರದು. ಇನ್ನೊಬ್ಬರ ಮನೆಯಂಗಳ, ಹಕ್ಕಿಗಳ ಗೂಡು ಇವುಗಳ ಮೇಲಂತೂ ಬೇಡವೇ ಬೇಡ. ನನ್ನ ಶಿಷ್ಯ ಹೊರಡುವ ಹಿಂದಿನ ದಿನವೇ ವಲಯದ ನಕ್ಷೆ ನೋಡಿ, ಪಂಚಾಯಿತಿಯವರಿಗೆ ತಿಳಿಸಿ ಬಂದಿದ್ದ. ಡ್ರೋನ್ ಇಲ್ಲದಿದ್ದರೂ ಚಿಂತೆಯಿಲ್ಲ. ಶಾಲೆಯ ಮಾಳಿಗೆಯ ಮೇಲೆ ನಿಂತು, ಪ್ರತಿ ತಿಂಗಳು ಒಂದೇ ಜಾಗದಿಂದ ಒಂದು ಚಿತ್ರ ತೆಗೆದರೂ ಸಾಕು. ಮುಖ್ಯವಾದದ್ದು ಮತ್ತೆ ಹೋಗಿ ನೋಡುವುದು.

ಮತ್ತೆ ಜುಲೈ

ಮುಂಗಾರು ಹಿಡಿದ ಮೇಲೆ, ಜುಲೈಯಲ್ಲಿ, ನಾವು ಕೆಲವರು ಮತ್ತೆ ಆ ಗೋಮಾಳಕ್ಕೆ ಹೋದೆವು. ಡ್ರೋನ್ ಇರಲಿಲ್ಲ, ಪಟ್ಟಿಯಿತ್ತು. ತೊಗಟೆಯ ಕೆಳಗೆ ಹಸಿರು ಕಂಡಿದ್ದ ಹದಿನಾಲ್ಕು ಗುಂಡಿಗಳಿಗೆ ನೇರವಾಗಿ ನಡೆದೆವು. ಹನ್ನೊಂದು ಚಿಗುರಿದ್ದವು. ಮೂರು ಕೈಬಿಟ್ಟಿದ್ದವು. ಹಿಪ್ಪೆಯ ಒಂದು ಕಡ್ಡಿಯ ಬುಡದಲ್ಲಿ ತಾಮ್ರಬಣ್ಣದ ಚಿಗುರು ಕಂಡು ಮಕ್ಕಳು ಕುಣಿದಾಡಿದರು. ಯಜಮಾನರು ದೂರದಿಂದಲೇ ಕೈಯೆತ್ತಿ, ‘ಗಿಡುಗ ಎಲ್ಲಿ ಮೇಷ್ಟ್ರೇ?’ ಎಂದು ಕೂಗಿದರು. ಅವರ ಕುರಿಗಳು ಆ ನಾಲ್ಕು ಸಾಲುಗಳ ಆಚೆಗಿದ್ದವು.

ಆ ವರ್ಷ ನಮ್ಮ ಶಾಲೆಯ ವನಮಹೋತ್ಸವಕ್ಕೆ ಐವತ್ತು ಸಸಿ ತರಲಿಲ್ಲ. ಹನ್ನೆರಡು ತಂದೆವು. ಚೀಲ ಬಿಡಿಸಿ, ಸುತ್ತಿದ ಬೇರನ್ನು ಸರಿಪಡಿಸಿ, ಪಾತಿ ಕಟ್ಟಿ ನೆಟ್ಟೆವು. ಹನ್ನೆರಡೇ ಏಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಆ ಹುಡುಗಿಯೇ ಉತ್ತರ ಕೊಟ್ಟಳು: ‘ಬೇಸಿಗೇಲಿ ನಮ್ಮ ಬೋರ್‌ವೆಲ್ಲಿಂದ ಅಷ್ಟಕ್ಕೇ ನೀರು ಸಿಗೋದು ಸಾರ್. ಲೆಕ್ಕ ಹಾಕಿದೀವಿ.’ ರಿಜಿಸ್ಟರಿನಲ್ಲಿ ‘ನೆಟ್ಟದ್ದು’ ಎಂಬ ಕಲಮಿನ ಪಕ್ಕದಲ್ಲಿ ಗೆರೆ ಎಳೆದು ‘ಉಳಿದದ್ದು’ ಎಂಬ ಹೊಸ ಕಲಮು ಮಾಡಿದ್ದೇನೆ. ಹಳೆಯ ನಾನೂರರ ಎದುರಿಗೆ ಇಪ್ಪತ್ತಮೂರು ಎಂದು ಬರೆದು ಸಹಿ ಹಾಕಿದ್ದೇನೆ.

ಓದುಗರು ಒಂದು ಭಾನುವಾರ ಬಿಡುವು ಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡು ಕುದೂರಿನಿಂದ ಹುಲಿಕಲ್‌ವರೆಗೆ ನಡೆದು ಬನ್ನಿ. ಬೆಳಿಗ್ಗೆ ಬೇಗ ಹೊರಡಿ, ಕುಡಿಯುವ ನೀರು ಒಯ್ಯಿರಿ, ಪ್ಲಾಸ್ಟಿಕ್ ಅಲ್ಲಿ ಬಿಡಬೇಡಿ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗಾಗಿ ಈ ಮರಗಳಿಗೆ ಕೊಡಲಿ ಬೀಳುವ ಭಯವಿತ್ತು. ತಿಮ್ಮಕ್ಕ ಸರ್ಕಾರಕ್ಕೆ ಮೊರೆಯಿಟ್ಟರು, ಬೇರೆ ದಾರಿ ಹುಡುಕುವುದಾಗಿ ಸರ್ಕಾರ ಹೇಳಿತು. ಮರವಾದ ಮೇಲೂ ಕಾವಲು ಮುಗಿಯುವುದಿಲ್ಲ ನೋಡಿ. ನಡೆಯುವಾಗ ಮಕ್ಕಳಿಗೆ ಮರಗಳನ್ನು ಎಣಿಸಲು ಹೇಳಿ. ಹಿಂದಿರುಗಿದ ಮೇಲೆ ನಿಮ್ಮ ಬೀದಿಯಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಹೋದ ವರ್ಷ ನೆಟ್ಟ ಸಸಿಗಳನ್ನೂ ಒಮ್ಮೆ ಎಣಿಸಿ.